ಮಠಕ್ಕೆ ಹೊರಟವರು ಹೆಣ್ಣು ನೋಡಿ ಬಂದದ್ದು

ನಡೆಯುವುದೇನು ಮಹಾ ವಿದ್ಯೆಯೇ? ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಡುವುದು, ಅಷ್ಟೆ. ತೊಟ್ಟಿಲಿನಿಂದ ಇಳಿದ ಮಗು ಕಲಿತುಬಿಡುವ ಈ ಕೆಲಸವನ್ನು, ಶಿವಮೊಗ್ಗದಲ್ಲಿ ಸ್ವಂತ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನ ಅರ್ಧ ಜನಕ್ಕೆ ದಾರಿ ಕಾಣುವಂತೆ ಮಾಡಿರುವ ನಾನು ಮಾಡಲಾರೆನೇ? ಈ ಧೈರ್ಯದ ಮೇಲೆಯೇ ನಾನು ಆ ವರ್ಷದ ದೀಪಾವಳಿ ಕಳೆದ ಮೇಲೆ ಮನೆಯಲ್ಲಿ ಒಂದು ಘೋಷಣೆ ಹೊರಡಿಸಿದೆ. ಈ ಸಲ ರೆಸಾರ್ಟು ಇಲ್ಲ, ಬಾಡಿಗೆ ಕಾರಿಲ್ಲ. ಈ ಸಲ ನಮ್ಮದು ನಡಿಗೆ ಪ್ರವಾಸ!

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಿಂದ. ಯಾವುದೋ ದೇಶದ ಗಂಡ ಹೆಂಡತಿ ಬೆನ್ನಿಗೊಂದು ಚೀಲ, ಕೈಗೊಂದು ಕೋಲು ಹಿಡಿದು ಹಸಿರು ಬಯಲಿನಲ್ಲಿ ನಡೆಯುತ್ತಾರೆ. ಸಂಜೆ ಒಂದು ಪುರಾತನ ಮಠ ಸಿಗುತ್ತದೆ. ಸನ್ಯಾಸಿಗಳು ಬಾಗಿಲು ತೆರೆದು ರೊಟ್ಟಿ ಕೊಡುತ್ತಾರೆ. ನನ್ನ ಕಣ್ಣಲ್ಲಿ ನೀರೇ ಬಂತು.

ಗಿರಿಜಾಳಿಗೆ ತೋರಿಸಿದೆ. ನನ್ನ ಹೆಂಡತಿ ಭಾವುಕಳಾಗುವ ಪೈಕಿ ಅಲ್ಲ.

"ರೀ, ಮೂಲೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತರೋಕೂ ಸ್ಕೂಟರ್ ಸ್ಟಾರ್ಟ್ ಮಾಡ್ತೀರಿ. ನೀವು ನಡೀತೀರಾ?"

"ಅದು ಹಾಲಿನ ವಿಷಯ, ಮಾರಾಯ್ತಿ. ಇದು ಸಂಸ್ಕೃತಿಯ ವಿಷಯ."

ಯೋಜನೆ ಸರಳವಾಗಿತ್ತು. ರವೀಂದ್ರನಗರದ ನಮ್ಮ ಮನೆಯಿಂದ ಹೊರಟು ಬಸ್ಸಿನಲ್ಲಿ ಗಾಜನೂರು. ಅಲ್ಲಿಂದ ನಾಲೆಯ ಏರಿ ಹಿಡಿದು, ಗದ್ದೆ ಬಯಲು ದಾಟಿ, ಗುಡ್ಡದ ಬುಡದಲ್ಲಿರುವ ಒಂದು ಹಳೇ ಮಠಕ್ಕೆ ನಡಿಗೆ. ರಾತ್ರಿ ಅಲ್ಲೇ ತಂಗಿ, ಮರುದಿನ ನಡೆದೇ ವಾಪಸ್ಸು. ಮಠದ ಕಚೇರಿಗೆ ಮೊದಲೇ ಫೋನು ಮಾಡಿ, "ಮೂರು ಜನ ಬರ್ತೀವಿ, ನಡ್ಕೊಂಡೇ ಬರ್ತೀವಿ" ಎಂದು ಒತ್ತಿ ಹೇಳಿದ್ದೆ. ಆ ಕಡೆಯವರು "ಬನ್ನಿ, ಪ್ರಸಾದ ಇರುತ್ತೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಡಿಗೆಯ ಬಗ್ಗೆ ಅವರು ಅಚ್ಚರಿ ತೋರಿಸದಿದ್ದದ್ದಕ್ಕೆ ನನಗೆ ಸ್ವಲ್ಪ ಬೇಸರವೇ ಆಯಿತು.

ಮೂರನೆಯವನು ಮಂಜು, ಗಿರಿಜಾಳ ತಮ್ಮ. ಭದ್ರಾವತಿಯ ಜನ್ನಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಒಳ್ಳೆಯ ಹುಡುಗ. ಮದುವೆ ಮಾತ್ರ ಇನ್ನೂ ಕೂಡಿ ಬಂದಿಲ್ಲ. ಅದು ಕೂಡಿ ಬರಲೆಂದು ಮನೆಯವರೆಲ್ಲ ಕಾದರು, ಅವನೂ ಕಾದ. ಅವನ ತಲೆಗೂದಲು ಮಾತ್ರ ಕಾಯಲಿಲ್ಲ, ಒಂದೊಂದಾಗಿ ಹೊರಟುಹೋಯಿತು. ಮಠದ ಊಟ ಬಹಳ ರುಚಿ ಎಂದು ಯಾರೋ ಹೇಳಿದ್ದನ್ನು ನಂಬಿ ಅವನು ನಮ್ಮ ಜೊತೆ ಹೊರಟಿದ್ದ.

ನಾನು ಹೊಸ ಬೂಟು, ಅಗಲ ಅಂಚಿನ ಟೋಪಿ, ಮಡಚುವ ಕೋಲು ಕೊಂಡೆ. ಗಿರಿಜಾ ತನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡು, ಮಠದಲ್ಲಿ ಬಚ್ಚಲಿಗೆ ಹೋಗಲು ಇರಲಿ ಎಂದು ಇನ್ನೊಂದು ಜೊತೆ ಹವಾಯಿ ಚಪ್ಪಲಿಯನ್ನು ಚೀಲದಲ್ಲಿ ಇಟ್ಟುಕೊಂಡಳು. ಗುಲಾಬಿ ಬಣ್ಣದ್ದು. ಮೇಲೆ ಪ್ಲಾಸ್ಟಿಕ್ ಹೂವು.

ಗಾಜನೂರಿನಲ್ಲಿ ಬಸ್ಸಿಳಿದ ಕೂಡಲೇ ನಾನು ಒಂದು ಕಾನೂನು ಮಾಡಿದೆ. "ಯಾರೂ ಮೊಬೈಲಲ್ಲಿ ಮ್ಯಾಪ್ ನೋಡಕೂಡದು. ದಾರೀಲಿ ಸಿಕ್ಕ ಜನರನ್ನ ಕೇಳ್ಕೊಂಡು ಹೋಗಬೇಕು. ನಡಿಗೆ ಅಂದ್ರೆ ಅದೇ."

ಮಂಜು ಗೊಣಗುತ್ತ ಫೋನು ಕಿಸೆಗೆ ಹಾಕಿಕೊಂಡ.

ಮೊದಲ ಭಾಗ ಅದ್ಭುತವಾಗಿತ್ತು. ಎಳೆಬಿಸಿಲು, ತುಂಬಿದ ನಾಲೆ, ಕೊಯ್ಲಿಗೆ ಬಂದ ಭತ್ತ, ಅದರ ಮೇಲೆ ಬೆಳ್ಳಕ್ಕಿ ಹಿಂಡು. ನಾನು ಕೋಲು ಎತ್ತಿ ತೋರಿಸುತ್ತ ವಿವರಿಸುತ್ತಿದ್ದೆ. ಆದರೆ ಸ್ವಲ್ಪ ದೂರದಲ್ಲೇ ಹೊಸ ಬೂಟು ತನ್ನ ಗುಣ ತೋರಿಸಿತು. ಹಿಮ್ಮಡಿ ಉರಿಯತೊಡಗಿತು. ಅಷ್ಟರಲ್ಲಿ ಒಂದು ಸಣ್ಣ ಕಾಲುವೆ ಅಡ್ಡ ಬಂತು. ಗಿರಿಜಾ ಸೀರೆ ಎತ್ತಿಕಟ್ಟಿಕೊಂಡು ದಾಟಿಯೇಬಿಟ್ಟಳು. ಮಂಜುವೂ ದಾಟಿದ. ನಾನು ವಿಡಿಯೋದಲ್ಲಿ ನೋಡಿದ್ದ ಪ್ರಕಾರ ಬೂಟುಗಳ ದಾರ ಒಂದಕ್ಕೊಂದು ಕಟ್ಟಿ, ಕೋಲಿನ ತುದಿಗೆ ನೇತುಹಾಕಿ, ಹೆಗಲ ಮೇಲಿಟ್ಟುಕೊಂಡು ನೀರಿಗಿಳಿದೆ. ನೋಡಲು ಬಹಳ ಗಂಭೀರವಾಗಿತ್ತು. ನಡುವೆ ಕಾಲು ಜಾರಿತು. ನಾನು ಬೀಳಲಿಲ್ಲ. ಆದರೆ ಮಡಚುವ ಕೋಲು ಮಡಚಿಕೊಂಡಿತು!

ಬೂಟುಗಳು ಜೋಡಿಯಾಗಿಯೇ ತೇಲಿಕೊಂಡು ಹೊರಟವು. ನಾವು ಮೂವರೂ ನೋಡುತ್ತ ನಿಂತೆವು.

"ಅವು ಮಾತ್ರ ನಿಮ್ಮಷ್ಟು ಕಷ್ಟಪಡದೆ ಹೋಗ್ತಾ ಇದಾವೆ ನೋಡಿ" ಎಂದಳು ಗಿರಿಜಾ, ಚೀಲದಿಂದ ಗುಲಾಬಿ ಚಪ್ಪಲಿ ತೆಗೆಯುತ್ತ.

ಹೀಗೆ, ತಲೆಗೆ ಅಗಲ ಟೋಪಿ, ಕಾಲಿಗೆ ಹೂವಿನ ಚಪ್ಪಲಿ ಧರಿಸಿದ ನಾನು ಪ್ರವಾಸದ ನೇತೃತ್ವ ಮುಂದುವರಿಸಿದೆ. ಅರ್ಧ ಹಿಮ್ಮಡಿ ನೆಲದ ಮೇಲೆಯೇ ಇತ್ತು. ಹೊಟ್ಟೆ ಚುರುಗುಡುವ ಹೊತ್ತಿಗೆ ದಾರಿ ಎರಡಾಯಿತು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಯಜಮಾನರನ್ನು ಕೇಳಿದೆ.

"ಹಳೇ ಮಠಕ್ಕೆ ಯಾವ ಕಡೆ ಹೋಗಬೇಕು?"

ಅವರು ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದರು. ಮಂಜುವನ್ನು ಸ್ವಲ್ಪ ಹೆಚ್ಚೇ ನೋಡಿದರು. "ಓ, ಮಠಕ್ಕೆ ಬಂದೋರು ನೀವೇನಾ? ಹೋಗಿ ಹೋಗಿ, ಬೆಳಗಿಂದ ಕಾಯ್ತಾ ಇದಾರೆ. ಹಿಂಗೆ ಎಡಕ್ಕೆ ಹೋದ್ರೆ ಹಿತ್ಲ ಬಾಗ್ಲೇ ಸಿಗುತ್ತೆ."

ನಾನು ಗಿರಿಜಾಳ ಕಡೆ ತಿರುಗಿ ಎದೆಯುಬ್ಬಿಸಿದೆ. "ಕೇಳಿದೆಯಾ? ನಾನು ಮಾಡಿದ ಒಂದು ಫೋನಿಗೆ ಊರೇ ಕಾಯ್ತಾ ಇದೆ!"

ಮಠ ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು, ಆದರೆ ಹಳೆಯದೆಂಬುದರಲ್ಲಿ ಸಂಶಯವಿರಲಿಲ್ಲ. ಕೆತ್ತನೆಯ ಕಂಬಗಳು, ಅಂಗಳದಲ್ಲಿ ಯಾರೋ ಹಿರಿಯರ ಗದ್ದಿಗೆ, ಅದರ ಮೇಲೆ ಆಗ ತಾನೇ ಏರಿಸಿದ ಬಿಲ್ವಪತ್ರೆ. ಬಾಗಿಲಿಗೆ ಹಸಿ ಮಾವಿನ ತೋರಣ. ಮುಂದೆ ದೊಡ್ಡ ರಂಗೋಲಿ. ನಮಗೋಸ್ಕರ ತೋರಣ!

ರೇಷ್ಮೆ ಸೀರೆಯುಟ್ಟ ಹಿರಿಯ ಹೆಂಗಸೊಬ್ಬರು ಓಡಿ ಬಂದರು. "ಬನ್ನಿ ಬನ್ನಿ! ನಮ್ಮ ರುದ್ರಯ್ಯ ನಿಮ್ಮನ್ನ ಕರ್ಕೊಂಡು ಬರೋಕೆ ಅಂತ ಟಾರ್ ರೋಡಿಗೆ ಹೋದ. ನೀವು ನೋಡಿದ್ರೆ ಹಿತ್ಲ ಕಡೆಯಿಂದ ಬಂದ್ರಲ್ಲ!"

"ನಡ್ಕೊಂಡು ಬಂದ್ವಿ" ಎಂದೆ, ವಿನಯದಿಂದ.

"ಅಯ್ಯೋ ಶಿವನೇ! ನಡ್ಕೊಂಡಾ?"

ಕೊನೆಗೂ ಅಚ್ಚರಿಪಡುವವರೊಬ್ಬರು ಸಿಕ್ಕರು. ನನಗೆ ಆ ಮಠದ ಮೇಲೆ ಅಭಿಮಾನ ಉಕ್ಕಿತು.

ಪಡಸಾಲೆಯಲ್ಲಿ ಕಂಬಳಿ ಹಾಸಿದ ಮಂಚದ ಮೇಲೆ ವೃದ್ಧರೊಬ್ಬರು ಕುಳಿತಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಹೆಗಲ ಮೇಲೆ ಕಾವಿ ಶಲ್ಯ. ಸೊಟ್ಟಗಾದ ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು. ಸ್ವಾಮೀಜಿಗಳೇ ಸರಿ! ನಾನು ಹಿಂದೆ ಮುಂದೆ ನೋಡದೆ ಉದ್ದಕ್ಕೆ ಅಡ್ಡಬಿದ್ದೆ. ಸೊಂಟ ಹಿಡಿದುಕೊಂಡಿತು. ಮಂಜು ಎತ್ತಬೇಕಾಯಿತು.

"ಈ ಕಾಲದಲ್ಲಿ ಇಷ್ಟು ವಿನಯ ಇರೋ ಜನ ಎಲ್ಲಿ ಸಿಗ್ತಾರೆ!" ಎಂದು ಅಜ್ಜಯ್ಯನವರು ಗದ್ಗದಿತರಾದರು. "ಭದ್ರಾವತಿಯಿಂದ ತಾನೆ?"

"ಹೌದು ಬುದ್ಧಿ, ಜನ್ನಾಪುರ" ಎಂದ ಮಂಜು.

"ಸರಿ ಸರಿ. ಕೂತ್ಕೊಳಿ."

ಕೂತೆವು. ಕೇಸರಿಬಾತು ಬಂತು, ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು. ದ್ರಾಕ್ಷಿ ಗೋಡಂಬಿಗೆ ಲೆಕ್ಕವೇ ಇರಲಿಲ್ಲ. ಎಂಥ ದಾಸೋಹ! ಗಿರಿಜಾ ಮಾತ್ರ ಕಣ್ಣು ಕಿರಿದು ಮಾಡಿ ಸುತ್ತ ನೋಡುತ್ತಿದ್ದಳು.

"ರೀ, ಮಠದಲ್ಲಿ ಹೆಂಗಸ್ರು ರೇಷ್ಮೆ ಸೀರೆ ಉಟ್ಕೊಂಡು ಓಡಾಡ್ತಾರಾ?" ಎಂದು ಕಿವಿಯಲ್ಲಿ ಕೇಳಿದಳು.

"ಭಕ್ತರು, ಮಾರಾಯ್ತಿ."

"ಗೋಡೆ ಮೇಲೆ ಮದುವೆ ಫೋಟೋ ಇದೆ."

"ಅದೂ ಭಕ್ತರದ್ದೇ."

"ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗ್ತಾ ಇದಾವಲ್ರೀ!"

"ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯ ಕೊಟ್ಟಿದಾರೆ ಕಣೇ. ನಿನಗೆ ಎಲ್ಲದಕ್ಕೂ ಅನುಮಾನ!"

ಅಜ್ಜಯ್ಯನವರು ಮಂಜುವಿನ ಕಡೆ ಕೈತೋರಿಸಿ, "ಹುಡುಗನ ಸ್ವಭಾವ ಹೇಗೆ?" ಎಂದು ನನ್ನನ್ನು ಕೇಳಿದರು. ಸ್ವಾಮೀಜಿಗಳು ಶಿಷ್ಯನನ್ನು ಹುಡುಕುತ್ತಿರಬಹುದು ಎಂದುಕೊಂಡು ನಾನು ತಮಾಷೆಯ ಲಹರಿಯಲ್ಲೇ ಹೇಳಿದೆ.

"ಬಹಳ ಸಾತ್ವಿಕ, ಬುದ್ಧಿ. ಯಾವುದಕ್ಕೂ ಆಸೆ ಪಡೋನಲ್ಲ. ಇಲ್ಲೇ ಇರು ಅಂದ್ರೆ ಇಲ್ಲೇ ಇದ್ದುಬಿಡ್ತಾನೆ."

"ಇಲ್ಲೇ ಇರ್ತಾನಾ!" ಅಜ್ಜಯ್ಯನವರು ಮಂಚದ ಅಂಚಿಗೆ ಸರಿದು ಕೂತರು. "ಅಷ್ಟು ಕೇಳೋ ಧೈರ್ಯ ನಮಗೇ ಇರಲಿಲ್ಲ ನೋಡಿ."

ಮಂಜುವಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. "ಭಾವ, ನನ್ನನ್ನ ಮಠಕ್ಕೆ ಬಿಟ್ಟು ಹೋಗೋಕೆ ಕರ್ಕೊಂಡು ಬಂದಿದೀರಾ? ಅಂಗಡಿ ಯಾರು ನೋಡ್ಕೊಳ್ತಾರೆ?"

ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಹೆಸರು ಚೈತ್ರಾ, ಹೈಸ್ಕೂಲಿನಲ್ಲಿ ಗಣಿತದ ಟೀಚರು ಎಂದು ಸೀರೆಯ ಹಿರಿಯಮ್ಮ ಪರಿಚಯಿಸಿದರು. ಹುಡುಗಿ ಮಂಜುವನ್ನು ನೋಡಿದಳು, ನನ್ನ ಚಪ್ಪಲಿ ನೋಡಿದಳು, ತುಟಿ ಕಚ್ಚಿಕೊಂಡು ಎದುರಿಗೆ ಕುಳಿತಳು.

"ಏನಮ್ಮ, ಈ ಮಠಕ್ಕೆ ಬಂದು ಬಹಳ ದಿನ ಆಯ್ತಾ?" ಎಂದೆ ನಾನು.

"ಹುಟ್ಟಿದಾಗಿನಿಂದ ಇಲ್ಲೇ ಇದೀನಿ ಸಾರ್."

"ಪುಣ್ಯವಂತೆ!" ಎಂದು ಕೈಮುಗಿದೆ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದಳು. ಭಕ್ತಿ ಹೆಚ್ಚಾದರೆ ಹಾಗಾಗುತ್ತದೆ ಎಂದುಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ! ಆದರೆ ಸೊಟ್ಟ ಕನ್ನಡಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. "ಒಂದು ನಿಮಿಷ ಕೊಡಿ ಬುದ್ಧಿ" ಎಂದು ಅಜ್ಜಯ್ಯನವರ ಕನ್ನಡಕ ಇಸಿದುಕೊಂಡೆ. ಪುಟ್ಟ ಸ್ಕ್ರೂಡ್ರೈವರು ಯಾವಾಗಲೂ ನನ್ನ ಕಿಸೆಯಲ್ಲಿರುತ್ತದೆ. ದಾರ ಬಿಚ್ಚಿ, ಸ್ಕ್ರೂ ಬಿಗಿದು, ಕಡ್ಡಿ ನೆಟ್ಟಗೆ ಮಾಡಿ, ಗಾಜು ಫಳಫಳ ಎನ್ನುವಂತೆ ಒರೆಸಿ ಅವರ ಮೂಗಿನ ಮೇಲೆ ನಾನೇ ಕೂರಿಸಿದೆ.

ಅಜ್ಜಯ್ಯನವರು ಸಂತೋಷದಿಂದ ಕಂಬ ನೋಡಿದರು, ತೋರಣ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಂಜುವನ್ನು ನೋಡಿದರು. ನೋಡುತ್ತಲೇ ಉಳಿದರು.

"ಫೋಟೋದಲ್ಲಿ ಹುಡುಗನಿಗೆ ತಲೆ ತುಂಬಾ ಕೂದ್ಲಿತ್ತಲ್ಲ!"

"ಯಾವ ಫೋಟೋ ಬುದ್ಧಿ?"

"ನೀವು ಕಳಿಸಿದ್ದು."

"ಮಠಕ್ಕೆ ಬರೋಕೆ ನಾವು ಫೋಟೋ ಯಾಕೆ ಕಳಿಸೋಣ?"

"ಹೆಣ್ಣು ನೋಡೋಕೆ ಬರೋರು ಮತ್ತೆ ಫೋಟೋ ಕಳಿಸಲ್ವಾ?"

ಗಿರಿಜಾ ಕೇಸರಿಬಾತಿನ ತಟ್ಟೆ ನಿಧಾನವಾಗಿ ಕೆಳಗಿಟ್ಟಳು. ಮಂಜು ಅಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ನೆಟ್ಟಗೆ ಕುಳಿತು ಅಂಗಿಯ ಕಾಲರು ಸರಿಮಾಡಿಕೊಂಡ. ನನ್ನ ಬಾಯಲ್ಲಿದ್ದ ಗೋಡಂಬಿ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತು.

ಆ ಗಳಿಗೆಗೇ ಮುಂದಿನ ಬಾಗಿಲಲ್ಲಿ ಕಾರು ನಿಂತಿತು. ಹುಡುಗಿಯ ಅಪ್ಪ ರುದ್ರಯ್ಯನವರು ನಿಜವಾದ ಗಂಡಿನ ಕಡೆಯವರನ್ನು ಕರೆದುಕೊಂಡು ಒಳಗೆ ಬಂದರು. ತಲೆತುಂಬ ಕೂದಲಿನ ಹುಡುಗ, ಅವನ ತಾಯಿ, ದಪ್ಪ ಮೀಸೆಯ ಸೋದರಮಾವ. ಅವರೂ ಭದ್ರಾವತಿಯವರೇ! ಮೀಸೆಯ ಮಾವ ನಮ್ಮ ತಟ್ಟೆಗಳನ್ನು ನೋಡಿದರು, ಮಂಜುವನ್ನು ನೋಡಿದರು, ಎದುರಿಗೆ ಕುಳಿತ ಹುಡುಗಿಯನ್ನು ನೋಡಿದರು.

"ಏನ್ರೀ ಇದು? ಒಂದೇ ದಿನ ಎರಡು ಗಂಡು ಕರೆಸಿದೀರಾ? ನಾವೇನು ಸಂತೆಗೆ ಬಂದಿದೀವಾ? ನಡೀರಿ, ವಾಪಸ್ ಹೋಗೋಣ!"

ರುದ್ರಯ್ಯನವರ ಮುಖ ಬಿಳುಚಿಕೊಂಡಿತು. ಅವರಿಗೆ ನಾವು ಯಾರೆಂದೇ ಗೊತ್ತಿರಲಿಲ್ಲ. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ಹುಡುಗಿ ಈಗ ಖಾಲಿ ಕಾಫಿ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಒಂದು ಮನೆಯ ಶುಭಕಾರ್ಯ ನನ್ನ ನಡಿಗೆಯ ದೆಸೆಯಿಂದ ಮುರಿಯುವುದರಲ್ಲಿತ್ತು. ಓಡಿಹೋಗಿ ಕಾರಿನ ಬಾಗಿಲಿಗೆ ಅಡ್ಡ ನಿಂತೆ.

"ಸ್ವಾಮಿ, ನಿಲ್ಲಿ! ಇಲ್ಲಿ ಎರಡು ಗಂಡು ಬಂದಿಲ್ಲ. ಒಂದು ಗಂಡು ಬಂದಿದೆ, ಒಬ್ಬ ಪೆದ್ದ ಬಂದಿದಾನೆ. ಪೆದ್ದ ನಾನು. ಮಠ ಅಂದ್ಕೊಂಡು ಇವರ ಮನೆಗೆ ನುಗ್ಗಿದೀನಿ."

"ಮಠಕ್ಕೂ ಮನೆಗೂ ವ್ಯತ್ಯಾಸ ಗೊತ್ತಾಗದೇ ಇರುತ್ತಾ? ಯಾರಿಗೆ ಹೇಳ್ತೀರಿ ಈ ಕಥೆ!"

ನಾನು ಪೆದ್ದನೆಂದು ಸಾಬೀತುಪಡಿಸುವ ಹೊಣೆ ಈಗ ನನ್ನ ಮೇಲೆಯೇ ಬಿತ್ತು. ಜೀವನದಲ್ಲಿ ಎಂದೂ ಇಷ್ಟು ಶ್ರದ್ಧೆಯಿಂದ ವಾದ ಮಾಡಿರಲಿಲ್ಲ. ವಿಡಿಯೋ, ಕೋಲು, ಕಾಲುವೆ ಎಲ್ಲ ಹೇಳಿದೆ. ಆದರೂ ಮೀಸೆ ಅಲುಗಲಿಲ್ಲ. ಆಗ ಗಿರಿಜಾ ಸೆರಗು ಸಿಕ್ಕಿಸಿಕೊಂಡು ಸಾಕ್ಷಿ ಹೇಳಲು ಮುಂದೆ ಬಂದಳು.

"ಅಣ್ಣಾ, ನಾನು ಇವರ ಹೆಂಡತಿ. ನಾನು ಹೇಳ್ತೀನಿ ಕೇಳಿ. ಹೋದ ವರ್ಷ ಇವರು ಪೇಟೆಯಿಂದ ಯಾರದೋ ಸ್ಕೂಟರ್ ತಂದು, ನಮ್ಮದೇ ಅಂತ ತೊಳೆದು, ಹಾರ ಹಾಕಿ ಆಯುಧಪೂಜೆ ಮಾಡಿದಾರೆ. ಕುಂಬಳಕಾಯಿ ಒಡೆದ ಮೇಲೆ ಗೊತ್ತಾಯ್ತು. ಮನೆಯೇನು, ಇವರು ಪೊಲೀಸ್ ಸ್ಟೇಷನ್ನನ್ನೂ ಮಠ ಅಂದ್ಕೊಂಡು ಅಡ್ಡಬೀಳ್ತಾರೆ. ಬೇಕಾದ್ರೆ ಅವರ ಕಾಲು ನೋಡಿ!"

ಎಲ್ಲರೂ ನನ್ನ ಕಾಲು ನೋಡಿದರು. ಗುಲಾಬಿ ಚಪ್ಪಲಿಯ ಪ್ಲಾಸ್ಟಿಕ್ ಹೂವು ಕೆಸರು ಮೆತ್ತಿಕೊಂಡು ಎಲ್ಲರನ್ನೂ ನೋಡಿತು.

ಮೊದಲು ನಕ್ಕವನು ಮದುವೆಯ ಹುಡುಗ. ಆಮೇಲೆ ಚೈತ್ರಾಳಿಗೂ ತಡೆಯಲಾಗಲಿಲ್ಲ. "ನಂಗೆ ಕಾಫಿ ತಂದಾಗಲೇ ಗೊತ್ತಾಯ್ತು ಅಪ್ಪಾ, ಫೋಟೋ ನನ್ನ ಮೊಬೈಲಲ್ಲೇ ಇದೆಯಲ್ಲ. ಇವರು ನನಗೆ ಕೈಮುಗಿದು ಪುಣ್ಯವಂತೆ ಅಂದ್ಮೇಲೆ ಹೇಳೋಕೆ ಮನಸ್ಸೇ ಬರಲಿಲ್ಲ" ಎಂದಳು. ಹುಡುಗ ಅವಳನ್ನು ನೋಡಿ ಇನ್ನಷ್ಟು ನಕ್ಕ. ಮೀಸೆ ಕೊನೆಗೂ ಅಲುಗಿತು. ಅಲುಗಿದ್ದು ಮತ್ತೆ ನಿಲ್ಲಲೇ ಇಲ್ಲ.

ರುದ್ರಯ್ಯನವರು ಕಣ್ಣೊರೆಸಿಕೊಳ್ಳುತ್ತ ವಿವರಿಸಿದರು. ಅವರದು ಊರಿನ ಹಳೆಯ ಜಂಗಮ ಮನೆತನ. ತಲೆಮಾರುಗಳಿಂದ ಆ ಮನೆಯನ್ನು ಊರವರು 'ಹಳೇ ಮಠ' ಎಂದೇ ಕರೆಯುವುದು. ನಾನು ಹುಡುಕುತ್ತಿದ್ದದ್ದನ್ನು ಸುತ್ತಲಿನವರು 'ಗುಡ್ಡದ ಮಠ' ಎನ್ನುತ್ತಾರೆ. ನಾವು ಬಲಕ್ಕೆ ತಿರುಗಬೇಕಿತ್ತು.

ನಮ್ಮನ್ನು ಹಾಗೇ ಹೋಗಲು ಬಿಡಲಿಲ್ಲ. ಎರಡೂ ಕಡೆಯವರ ಜೊತೆ ಕೂರಿಸಿ ಮತ್ತೊಮ್ಮೆ ಕೇಸರಿಬಾತು ಬಡಿಸಿದರು. ಮಂಜು ಮಾತ್ರ ಮುಖ ಇಳಿಬಿಟ್ಟುಕೊಂಡಿದ್ದ. "ಭಾವ, ಆ ಕನ್ನಡಕ ಇನ್ನೊಂದು ಸ್ವಲ್ಪ ಹೊತ್ತು ಮುಟ್ಟದೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಸಂಜೆಗೆ ರುದ್ರಯ್ಯನವರು ನಮ್ಮನ್ನು ಗೊಬ್ಬರದ ಚೀಲಗಳ ಜೊತೆ ಒಂದು ಲಗೇಜ್ ಆಟೋದಲ್ಲಿ ಕೂರಿಸಿ ಗುಡ್ಡದ ಮಠಕ್ಕೆ ಕಳಿಸಿಕೊಟ್ಟರು. ನಡಿಗೆ ಪ್ರವಾಸದ ಮಿಕ್ಕ ಭಾಗವನ್ನು ನಾನು ಯೂರಿಯಾ ಮೇಲೆ ಕುಳಿತು ಪೂರೈಸಿದೆ.

ನಿಜವಾದ ಮಠ ನಿಜಕ್ಕೂ ಚಂದ. ಕಪ್ಪುಗಟ್ಟಿದ ಕಲ್ಲಿನ ಮಂಟಪ, ಸವೆದು ನುಣುಪಾದ ಮೆಟ್ಟಿಲು, ಒಳಗಿನಿಂದ ಅಕ್ಕಿ ಬೇಯುವ ವಾಸನೆ. ಬಿಲ್ವದ ಮರದಲ್ಲಿ ಗಿಳಿಗಳು ಸಂಜೆಯ ಜಗಳ ತೆಗೆದಿದ್ದವು. ಗಿರಿಜಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆದರೆ ನಾನು ಒಮ್ಮೆ ಮೋಸಹೋದವನು, ಇನ್ನು ಸುಲಭಕ್ಕೆ ನಂಬುವವನಲ್ಲ. ಮಾಸಲು ಕಾವಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಸೇವಂತಿಗೆ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದವರೊಬ್ಬರ ಬಳಿ ಹೋಗಿ ವಿಚಾರಣೆ ಶುರುಮಾಡಿದೆ.

"ಇದು ಮಠಾನೋ, ಮನೆಯೋ?"

"ಮಠವೇ."

"ಖಾತ್ರಿಯಾ? ಒಳಗೆ ಮದುವೆ ವಯಸ್ಸಿನ ಹೆಣ್ಣುಮಕ್ಕಳು ಯಾರೂ ಇಲ್ಲ ತಾನೆ?"

ಅವರು ಪೈಪು ಪಕ್ಕಕ್ಕೆ ಹಿಡಿದು ನನ್ನನ್ನು ನೋಡಿದರು. "ಇಲ್ಲ."

"ನಿಮಗೆ ಹೆಂಡತಿ ಮಕ್ಕಳು?"

"ಇಲ್ಲ."

"ಯಾಕೆ, ಹೆಣ್ಣು ಸಿಗಲಿಲ್ವಾ? ಬೇಜಾರು ಮಾಡ್ಕೋಬೇಡಿ. ನಮ್ಮ ಮಂಜೂದೂ ಇದೇ ಕಥೆ."

ಅಷ್ಟರಲ್ಲಿ ಒಳಗಿನಿಂದ ಬಂದ ಭಕ್ತರೊಬ್ಬರು ಅವರ ಒದ್ದೆ ಕಾಲಿಗೆ ಅಡ್ಡಬಿದ್ದು, "ಬುದ್ಧೀ, ಪೂಜೆಗೆ ಎಲ್ಲ ಸಿದ್ಧವಾಗಿದೆ" ಎಂದರು.

ನಾನೂ ಅಡ್ಡಬಿದ್ದೆ. ಈ ಸಲ ಭಕ್ತಿಯಿಂದಲ್ಲ, ಮುಖ ಅಡಗಿಸಲು ಬೇರೆ ಜಾಗ ಸಿಗದೆ!

ಸ್ವಾಮೀಜಿ ನನ್ನನ್ನು ತಾವೇ ಹಿಡಿದೆತ್ತಿದರು. ನಗು ತಡೆದು ತಡೆದು ಅವರ ಕಣ್ಣಲ್ಲಿ ನೀರು ತುಂಬಿತ್ತು. "ನಮ್ಮ ಸಂಸಾರದ ಬಗ್ಗೆ ಇಷ್ಟು ಕಾಳಜಿಯಿಂದ ಯಾರೂ ವಿಚಾರಿಸಿರಲಿಲ್ಲ. ಬನ್ನಿ, ಮೊದಲು ಕೈಕಾಲು ತೊಳೆದುಕೊಳ್ಳಿ" ಎಂದರು. ಆ ರಾತ್ರಿ ಪ್ರಸಾದಕ್ಕೆ ನಮ್ಮನ್ನು ಹತ್ತಿರವೇ ಕೂರಿಸಿಕೊಂಡು ಇಡೀ ಕಥೆ ಹೇಳಿಸಿದರು. ನಾನು ತಡವರಿಸಿದ ಕಡೆಯೆಲ್ಲ ಗಿರಿಜಾ ಉತ್ಸಾಹದಿಂದ ಪೂರ್ತಿ ಮಾಡಿದಳು. ಮಠದ ಊಟ ನಿಜಕ್ಕೂ ರುಚಿಯಾಗಿತ್ತು ಎಂದು ಮಂಜು ಹೇಳಿದ. ನನಗೆ ಗೊತ್ತಾಗಲಿಲ್ಲ, ನಾನು ತಲೆ ತಗ್ಗಿಸಿಕೊಂಡು ನುಂಗುತ್ತಿದ್ದೆ.

ಬೆಳಗ್ಗೆ ಅಕ್ಕ ತಮ್ಮ ಇಬ್ಬರೂ ಹರಟೆ ಹೊಡೆಯುತ್ತ ಗಾಜನೂರಿನ ತನಕ ನಡೆದೇ ಹೋದರು. ಪಾದ ಊದಿಕೊಂಡ ಪ್ರವಾಸದ ನೇತಾರನನ್ನು ಮಠದ ಹಾಲಿನ ವ್ಯಾನಿನಲ್ಲಿ, ಕ್ಯಾನುಗಳ ನಡುವೆ ಕೂರಿಸಿ ಸಾಗಿಸಲಾಯಿತು.

ಕೆಲವು ತಿಂಗಳು ಕಳೆದ ಮೇಲೆ ಅಜ್ಜಯ್ಯನವರ ಫೋನು ಬಂತು. ಚೈತ್ರಾಳಿಗೂ ಆ ಹುಡುಗನಿಗೂ ಮದುವೆ ನಿಶ್ಚಯವಾಗಿದೆ, ನಾವು ಬರಲೇಬೇಕು! ಮನಸ್ಸಿಗೆ ಹಿತವಾಯಿತು. ಮದುವೆಯ ದಿನ ಇಸ್ತ್ರಿ ಹಾಕಿದ ಪಂಚೆಯುಟ್ಟು, ಭದ್ರಾವತಿಯ ಛತ್ರದ ವಿಳಾಸವನ್ನು ಮ್ಯಾಪಿನಲ್ಲಿ ನೋಡಿ, ಅದು ಸಾಲದೆಂದು ಕಂಡಕಂಡವರನ್ನೆಲ್ಲ ಕೇಳಿ, ಬಾಗಿಲಿಗೆ ಹೋಗಿ ನಿಂತೆ. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯೊಬ್ಬಳು ನಗುತ್ತ ಕೇಳಿದಳು.

"ಬನ್ನಿ ಅಂಕಲ್, ನೀವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

ನಾನು ಬಾಯಿ ತೆರೆದೆ. ಹಿಂದಿನಿಂದ ಗಿರಿಜಾ ನನ್ನನ್ನು ಮೆಲ್ಲಗೆ ಒಳಗೆ ತಳ್ಳುತ್ತ ಹೇಳಿದಳು.

"ಇವರು ದಾರಿ ತಪ್ಪಿದ ಕಡೆಯೋರು ಕಣಮ್ಮ."

ಹುಡುಗಿ ಪನ್ನೀರಿನ ಪಾತ್ರೆ ಕೆಳಗಿಟ್ಟು ಒಳಗೆ ಕೂಗಿದಳು. "ಅಜ್ಜಯ್ಯಾ, ಅವರೇ ಬಂದಿದಾರೆ!"

ಛತ್ರವೆಲ್ಲ ನನ್ನ ಕಾಲು ನೋಡಿತು.